ಬೆನ್ನುಹುರಿಗೆ ಪೆಟ್ಟಾಗಿ ಏಳು ವರ್ಷ, ಈಗ ತಲೆನೋವು, ಬೆವರು, ಕಾಲು ಜಗ್ಗುವುದು ಶುರು. ಯಾರಿಗಾದರೂ ಹೀಗಾಗಿದೆಯಾ?

ಗಂಗಾವತಿ_ತಂಗಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಸರ ಮಾಡಿಕೊಳ್ಳದೆ ಓದಿ.

ನಮ್ಮಣ್ಣ ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ಏಳು ವರ್ಷದ ಹಿಂದೆ ಭತ್ತದ ಚೀಲದ ಲಾಟ್ ಜಾರಿ ಮೈಮೇಲೆ ಬಿತ್ತು. ಬೆನ್ನುಹುರಿಗೆ ಪೆಟ್ಟು, ಟಿ4 ಲೆವೆಲ್ ಅಂತ ಪೇಪರಿನಲ್ಲಿದೆ. ಎದೆಭಾಗದ ಬೆನ್ನೆಲುಬಿನಲ್ಲಿ ಮೇಲಿನಿಂದ ನಾಲ್ಕನೆಯದಂತೆ. ಎದೆಯಿಂದ ಕೆಳಗೆ ಮುಟ್ಟಿದರೆ ಗೊತ್ತಾಗುವುದಿಲ್ಲ, ಕೈ ಗಟ್ಟಿಯಾಗಿವೆ. ಮೂತ್ರಕ್ಕೆ ಕಾಯಂ ಪೈಪ್. ಮನೆ ಮುಂದೆ ರೀಚಾರ್ಜ್ ಅಂಗಡಿ ಇಟ್ಟುಕೊಂಡು ಆರಾಮಾಗಿದ್ದ.

ಈ ಬೇಸಿಗೆ ಶುರುವಾದಾಗಿಂದ ಬೇರೆಯೇ ಕಥೆ. ಕಾಲು ಒಮ್ಮೆಲೇ ಜಗ್ಗುತ್ತವೆ, ಮೊನ್ನೆ ಕುರ್ಚಿಯಿಂದ ಬೀಳುವುದರಲ್ಲಿದ್ದ. ಸಂಜೆ ಹೊತ್ತು ಮುಖ ಕೆಂಪಾಗಿ ಹಣೆ, ಕುತ್ತಿಗೆ ಮೇಲೆ ಬೆವರು ಇಳಿಯುತ್ತದೆ. ತಲೆ ಸಿಡಿಯುತ್ತಿದೆ ಅಂತಾನೆ. ಎದೆಯಿಂದ ಕೆಳಗೆ ಮಾತ್ರ ಮೈ ಒಣ. ಇಲ್ಲೇ ಒಬ್ಬ ಡಾಕ್ಟರಿಗೆ ತೋರಿಸಿದೆವು. ಬಿಪಿ 140/90, ಅಂಥದ್ದೇನಿಲ್ಲ, ಟೆನ್ಷನ್ ಅಂದರು. ಜಗ್ಗಾಟ ತಗ್ಗಿಸುವ ಬ್ಯಾಕ್ಲೋಫೆನ್ ಮಾತ್ರೆ ಜಾಸ್ತಿ ಮಾಡಿ, ಜೊತೆಗೆ ನಿದ್ದೆ ಮಾತ್ರೆ ಬರೆದರು. ಈಗ ಹಗಲೆಲ್ಲ ತೂಕಡಿಸುತ್ತಾನೆ, ಕಾಲು ಜಗ್ಗುವುದು ಹಾಗೇ ಇದೆ.

ಸಂಬಂಧಿಕರಲ್ಲಿ ಒಬ್ಬರು ಎಣ್ಣೆ ಮಾಲೀಸು ಅಂತಾರೆ, ಇನ್ನೊಬ್ಬರು ಸ್ಟೆಮ್ ಸೆಲ್ ಅಂತಾರೆ. ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ?

ಕುಷ್ಟಗಿ_ಕೆಂಪುಮಣ್ಣು
ಬಿಸಿಲು ಅಕ್ಕಾ. ನಮಗೇ ತಲೆ ಸಿಡಿಯುತ್ತಿದೆ. ಮಜ್ಜಿಗೆ ಕುಡಿಸಿ.

ಗಾಲಿಕುರ್ಚಿ_ಸಿರುಗುಪ್ಪ
ಸುಮ್ನೆ ಏನಾದರೂ ಹೇಳಬೇಡ ಕುಷ್ಟಗಿ.

ತಂಗೀ, ಇದನ್ನು ಓದಿದ ತಕ್ಷಣ ಎದ್ದು ಹೋಗಿ ಪೈಪ್ ನೋಡು. ಮಡಚಿದೆಯಾ? ತೊಡೆ ಕೆಳಗೆ ಸಿಕ್ಕಿಕೊಂಡಿದೆಯಾ? ಬ್ಯಾಗಿಗೆ ಮೂತ್ರ ಇಳಿಯುತ್ತಿದೆಯಾ, ಇಲ್ಲವಾ? ನೋಡಿ ಬಂದು ಮುಂದೆ ಓದು.

ನಾನು ಟಿ3, ಕುರ್ಚಿ ಹಿಡಿದು ಹತ್ತು ವರ್ಷದ ಮೇಲಾಯಿತು. ನೀನು ಬರೆದದ್ದು ನೋಡಿದರೆ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಇದ್ದ ಹಾಗಿದೆ. ನಾವೆಲ್ಲ ಎಡಿ ಅಂತೀವಿ. ಟಿ6 ಅಥವಾ ಅದಕ್ಕೂ ಮೇಲೆ ಪೆಟ್ಟಾದವರಿಗೆ ಬರುವಂಥದ್ದು. ಕೆಳಗೆ ಏನೋ ಒಂದು ತೊಂದರೆ ಇರುತ್ತದೆ. ಮೂತ್ರಕೋಶ ತುಂಬಿ ಬಿಗಿದಿರುತ್ತದೆ, ಇಲ್ಲ ಮಲ ಗಟ್ಟಿಯಾಗಿರುತ್ತದೆ, ಇಲ್ಲ ಕಾಲುಗುರು ಮಾಂಸದೊಳಗೆ ಬೆಳೆದಿರುತ್ತದೆ. ನಮಗೆ ನೋವು ಗೊತ್ತಾಗುವುದಿಲ್ಲ. ಆದರೆ ಪೆಟ್ಟಿನ ಕೆಳಗಿನ ನರಗಳು ತಮ್ಮ ಪಾಡಿಗೆ ತಾವು ರಕ್ತನಾಳ ಬಿಗಿ ಮಾಡುತ್ತವೆ, ಬಿಪಿ ಏರುತ್ತದೆ. ಮೆದುಳು ಇಳಿಸಲು ನೋಡುತ್ತದೆ, ಅದರ ಮಾತು ಪೆಟ್ಟು ದಾಟಿ ಕೆಳಗೆ ಹೋಗುವುದಿಲ್ಲ. ಅದಕ್ಕೇ ಮೇಲೆ ಕೆಂಪು, ಬೆವರು. ಕೆಳಗೆ ತಣ್ಣಗೆ, ಒಣ.

140/90 ಬಗ್ಗೆ ಒಂದು ಮಾತು. ನಮ್ಮಂಥವರ ಮಾಮೂಲಿ ಮೇಲಿನ ಬಿಪಿಯೇ 90ರಿಂದ 110. ನಂದು 96/60. ಮಾಮೂಲಿಗಿಂತ 20ರಿಂದ 40 ಏರಿದರೇ ಎಡಿ ಅಂತ ಲೆಕ್ಕ. ನನಗೆ 140 ಬಂದರೆ ಮನೆಯವರು ಊಟ ಬಿಟ್ಟು ಏಳುತ್ತಾರೆ. ಅಣ್ಣನ ಮಾಮೂಲಿ ಬಿಪಿ ಎಷ್ಟು ಅಂತ ಹಳೇ ಚೀಟಿ ನೋಡು.

ನರ್ಸಮ್ಮ_ರಾಯಚೂರು
ಸಿರುಗುಪ್ಪದವರು ಸರಿಯಾಗಿ ಹೇಳಿದರು. ಮತ್ತೆ ಹಾಗಾದಾಗ ಏನು ಮಾಡಬೇಕು ಅಂತ ನಾನು ಹೇಳುತ್ತೇನೆ.

ಮೊದಲು ಎಬ್ಬಿಸಿ ಕೂರಿಸಿ, ಕಾಲು ಕೆಳಗೆ ಇಳಿಬಿಡಿ. ತಲೆನೋವು ಅಂತ ಮಲಗಿಸಬೇಡಿ, ಮಲಗಿದರೆ ಬಿಪಿ ಇನ್ನೂ ಏರುತ್ತದೆ. ಬೆಲ್ಟು, ಉಡದಾರ, ಬ್ಯಾಗಿನ ಪಟ್ಟಿ, ಬೂಟು, ಬಿಗಿ ಇದ್ದದ್ದೆಲ್ಲ ಸಡಿಲ ಮಾಡಿ. ಆಮೇಲೆ ಪೈಪ್. ಮಡಚಿದ್ದರೆ ಬಿಡಿಸಿ. ಕಟ್ಟಿಕೊಂಡಿದ್ದರೆ 10-15 ಎಂಎಲ್ ಸಲೈನ್ ಮೆಲ್ಲಗೆ ಬಿಟ್ಟು ನೋಡಬಹುದು. ಹೋಗದಿದ್ದರೆ ಜೋರು ಮಾಡಬೇಡಿ, ಪೈಪೇ ಬದಲಿಸಬೇಕು. ಮೂತ್ರ ಸರಿಯಾಗಿ ಹೋಗುತ್ತಿದ್ದರೂ ಬಿಪಿ ಇಳಿಯದಿದ್ದರೆ ಮುಂದಿನ ಅನುಮಾನ ಮಲದ ಮೇಲೆ. ಮಲದ್ವಾರಕ್ಕೆ ಬೆರಳು ಹಾಕುವ ಮೊದಲು ಮರಗಟ್ಟಿಸುವ ಲಿಗ್ನೊಕೇನ್ ಜೆಲ್ಲಿ ಹಚ್ಚಿ ಒಂದೆರಡು ನಿಮಿಷ ಬಿಡಬೇಕು. ಸುಮ್ನೆ ಕೈ ಹಾಕಿದರೆ ಅದರಿಂದಲೇ ಬಿಪಿ ಮತ್ತೆ ಏರುತ್ತದೆ.

ಇಷ್ಟು ಮಾಡಿದರೂ ಮೇಲಿನ ಬಿಪಿ 150 ದಾಟಿಯೇ ಇದ್ದರೆ ಮನೆಯಲ್ಲಿ ಕೂರಬೇಡಿ, ಆಸ್ಪತ್ರೆ. ಮೆದುಳಿನಲ್ಲಿ ರಕ್ತಸ್ರಾವ ಆಗಿ ಜೀವ ಹೋದವರಿದ್ದಾರೆ. ಅಲ್ಲಿ ಬಿಪಿ ಬೇಗ ಇಳಿಸಲು ನಿಫೆಡಿಪಿನ್ ಇಲ್ಲವೇ ನೈಟ್ರೇಟ್ ಕೊಡುತ್ತಾರೆ. ಗಂಡಸರು ಸಿಲ್ಡೆನಾಫಿಲ್ (ವಯಾಗ್ರ) ಥರದ ಮಾತ್ರೆ ತೆಗೆದುಕೊಂಡಿದ್ದರೆ ನಾಚಿಕೆ ಬಿಟ್ಟು ಹೇಳಬೇಕು. ಅದರ ಜೊತೆ ನೈಟ್ರೇಟ್ ಕೊಟ್ಟರೆ ಬಿಪಿ ಪಾತಾಳಕ್ಕೆ ಹೋಗುತ್ತದೆ.

ಒಗ್ಗರಣಿಮಿರ್ಚಿ
ಆ ನಿದ್ದೆ ಮಾತ್ರೆ, ಬ್ಯಾಕ್ಲೋಫೆನ್ ಎರಡೂ ಇವತ್ತೇ ನಿಲ್ಲಿಸಿ ಬಿಡಿ ಅಕ್ಕಾ. ಎಲ್ಲಾ ಮಾತ್ರೆಯದೇ ಕಾಟ.

ಫಿಸಿಯೊ_ಕೊಪ್ಪಳ
@ಒಗ್ಗರಣಿಮಿರ್ಚಿ ದಯವಿಟ್ಟು ಹೀಗೆಲ್ಲ ಬರೆಯಬೇಡಿ. ಬ್ಯಾಕ್ಲೋಫೆನ್ ಬಹಳ ದಿನ ತಿಂದವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಜ್ವರ ಏರಬಹುದು, ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು. ಇಳಿಸಬೇಕಾದರೆ ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಅಕ್ಕಾ, ವರ್ಷಗಟ್ಟಲೆ ಒಂದೇ ಸಮ ಇದ್ದ ಜಗ್ಗಾಟ ಈಗ ಜಾಸ್ತಿ ಆಗಿದೆ ಅಂದರೆ ಮಾತ್ರೆ ಸಾಲುತ್ತಿಲ್ಲ ಅಂತ ಅರ್ಥ ಅಲ್ಲ. ಕೆಳಗೆ ಏನೋ ಆಗಿದೆ. ಮೂತ್ರದ ಸೋಂಕು, ಕಲ್ಲು, ಹುಣ್ಣು, ಮಲಬದ್ಧತೆ, ಮೂಳೆ ಮುರಿತ, ಯಾವುದೂ ಆಗಬಹುದು. ಅವನಿಗೆ ನೋವು ಹೇಳಲು ಬರುವುದಿಲ್ಲ, ಕಾಲು ಹೇಳುತ್ತಿವೆ. ಮೊದಲು ಕಾರಣ ಹುಡುಕಿ, ಡೋಸ್ ಮಾತು ಆಮೇಲೆ.

ಪೈಪ್ ಎಷ್ಟು ದಿನಕ್ಕೆ ಬದಲಿಸುತ್ತೀರಿ? ಹೊಟ್ಟೆ, ಕಿಡ್ನಿ ಸ್ಕ್ಯಾನ್ ಕೊನೆಗೆ ಮಾಡಿಸಿದ್ದು ಯಾವಾಗ?

ಗಂಗಾವತಿ_ತಂಗಿ
ಪೈಪ್ ಕಟ್ಟಿಕೊಂಡರೆ ಬದಲಿಸುತ್ತೇವೆ, ಇಲ್ಲದಿದ್ದರೆ ಇಲ್ಲ. ಸ್ಕ್ಯಾನ್ ಆಪರೇಷನ್ ಹೊತ್ತಿಗೆ ಮಾಡಿಸಿದ್ದು, ಆಮೇಲೆ ಯಾರೂ ಹೇಳಲಿಲ್ಲ. ಹಳೇ ಚೀಟಿಯಲ್ಲಿ ಬಿಪಿ 100/60 ಇದೆ.

ಗಾಲಿಕುರ್ಚಿ_ಸಿರುಗುಪ್ಪ
ನೋಡಿದೆಯಾ. ನಾಳೆ ಬೆಳಿಗ್ಗೆಯೇ ಕರೆದುಕೊಂಡು ಹೋಗು. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಅಲ್ಟ್ರಾಸೌಂಡ್, ಕಿಡ್ನಿ ನೋಡುವ ಕ್ರಿಯೇಟಿನಿನ್ ರಕ್ತಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕಿಲ್ಲ. ಬಸ್ಸಿನಲ್ಲಿ ಮೂತ್ರದ ಬ್ಯಾಗ್ ತೊಡೆ ಮೇಲೆ ಇಟ್ಟುಕೊಳ್ಳಬೇಡ ಅಂತ ಹೇಳು. ಯಾರಿಗೂ ಕಾಣದಿರಲಿ ಅಂತ ಟವೆಲ್ ಮುಚ್ಚಿ ತೊಡೆ ಮೇಲೆ ಇಡುತ್ತೇವೆ, ಮೂತ್ರ ವಾಪಸ್ ಒಳಗೆ ಹೋಗುತ್ತದೆ. ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೇ ಇರಬೇಕು.

ಮಾನ್ವಿ_ಮೇಷ್ಟ್ರು
ನಮ್ಮ ತಮ್ಮನೂ ಪೈಪಿನವನೇ. ನಾನು ತಿಂಗಳಿಗೊಮ್ಮೆ ಮೂತ್ರ ಕಲ್ಚರ್ ಮಾಡಿಸುತ್ತೇನೆ. ಕೀಟಾಣು ಇದೆ ಅಂತ ಬಂದರೆ ಆಂಟಿಬಯಾಟಿಕ್ ಕೋರ್ಸ್ ಮುಗಿಸುತ್ತೇನೆ. ಮೊದಲೇ ಹೀಗೆ ಮಾಡಿದ್ದರೆ ಈ ಪಾಡು ಬರುತ್ತಿರಲಿಲ್ಲ.

ನರ್ಸಮ್ಮ_ರಾಯಚೂರು
ಮೇಷ್ಟ್ರೇ, ಕಾಯಂ ಪೈಪ್ ಇದ್ದವರ ಮೂತ್ರದಲ್ಲಿ ಕೀಟಾಣು ಇದ್ದೇ ಇರುತ್ತವೆ. ಜ್ವರ, ಚಳಿ, ಹೊಸದಾಗಿ ಜಗ್ಗಾಟ, ಎಡಿ, ಇಂಥದ್ದು ಏನೂ ಇಲ್ಲದಿದ್ದರೆ ಬರೀ ರಿಪೋರ್ಟ್ ನೋಡಿ ಔಷಧಿ ಕೊಡಬಾರದು. ಕೊಟ್ಟು ಕೊಟ್ಟು ಕೊನೆಗೆ ನಿಜವಾದ ಸೋಂಕು ಬಂದಾಗ ಯಾವ ಮಾತ್ರೆಯೂ ಕೆಲಸ ಮಾಡುವುದಿಲ್ಲ. ಕಲ್ಚರ್ ಕೊಡಲೇಬೇಕಾದರೆ ಹಳೇ ಪೈಪ್ ತೆಗೆದು, ಹೊಸದು ಹಾಕಿ, ಅದರಿಂದ ಬಂದ ಮೂತ್ರ ಕೊಡಿ. ಬ್ಯಾಗಿನದ್ದು ಬೇಡ.

ಮಾನ್ವಿ_ಮೇಷ್ಟ್ರು
ಹಾಗಾದರೆ ಲ್ಯಾಬಿನವರು ರಿಪೋರ್ಟಿನಲ್ಲಿ ಔಷಧಿ ಹೆಸರು ಯಾಕೆ ಬರೆಯುತ್ತಾರೆ?

ನರ್ಸಮ್ಮ_ರಾಯಚೂರು
ಕೊಡಬೇಕಾಗಿ ಬಂದರೆ ಯಾವುದು ಕೊಡಬೇಕು ಅಂತ ತಿಳಿಯಲಿ ಅಂತ. ಕೊಡಿ ಅಂತಲ್ಲ.

ಸಂಡೂರು_ಲಾರಿ
ಕಾಯಂ ಪೈಪೇ ಯಾಕೆ ಬೇಕು ಅಂತ ನನ್ನ ಪ್ರಶ್ನೆ. ಅದಿರಿನ ಲಾರಿ ಪಲ್ಟಿಯಾಗಿ ಬಿದ್ದವನು ನಾನು, ಟಿ10. ದಿನಕ್ಕೆ ನಾಲ್ಕೈದು ಸಲ ನಾನೇ ಟ್ಯೂಬ್ ಹಾಕಿ ಮೂತ್ರ ತೆಗೆದು, ಟ್ಯೂಬ್ ಹೊರಗೆ ತೆಗೆಯುತ್ತೇನೆ. ಸಿಐಸಿ ಅಂತಾರೆ. ಸೋಪಿನಲ್ಲಿ ಕೈ ತೊಳೆದರೆ ಸಾಕು, ಆಪರೇಷನ್ ಥಿಯೇಟರಿನ ಸ್ವಚ್ಛತೆ ಬೇಕಿಲ್ಲ. ಅಮೆರಿಕದ ಲ್ಯಾಪಿಡಿಸ್ ಅನ್ನುವ ಡಾಕ್ಟರ್ 1972ರಲ್ಲೇ ಇದನ್ನು ತೋರಿಸಿಕೊಟ್ಟಿದ್ದಾರೆ. 4ರಿಂದ 6 ಗಂಟೆಗೆ ಒಮ್ಮೆ, ಒಂದು ಸಲಕ್ಕೆ 500 ಎಂಎಲ್ ದಾಟದ ಹಾಗೆ ನೀರು ಕುಡಿಯುವ ಲೆಕ್ಕ ಇಟ್ಟುಕೊಳ್ಳಬೇಕು. ಮೊದಲು ಕೈ ನಡುಗಿತು, ಈಗ ಗ್ಯಾರೇಜಿನ ಹಿಂದೆ ಕೂತು ಮುಗಿಸಿ ಬರುತ್ತೇನೆ.

ಅಣ್ಣನ ಕೈ ಗಟ್ಟಿ ಇವೆಯಲ್ಲ, ಕಲಿಸಿ.

ಫಿಸಿಯೊ_ಕೊಪ್ಪಳ
ಒಳ್ಳೇ ಮಾತು. ಆದರೆ ಪೈಪ್ ಕಿತ್ತು ಇವತ್ತೇ ಶುರು ಮಾಡುವಂಥದ್ದಲ್ಲ. ಏಳು ವರ್ಷ ಪೈಪಿನಲ್ಲಿದ್ದ ಮೂತ್ರಕೋಶ ಕುಗ್ಗಿ ಸಣ್ಣದಾಗಿರಬಹುದು, ಒಳಗೆ ಒತ್ತಡ ಎಷ್ಟಿದೆ ಅಂತ ಯೂರೋಡೈನಾಮಿಕ್ ಟೆಸ್ಟಿನಲ್ಲಿ ನೋಡಬೇಕು. ಒತ್ತಡ ಜಾಸ್ತಿ ಇದ್ದರೆ ಮೂತ್ರ ಕಿಡ್ನಿಗೆ ಹಿಂದಕ್ಕೆ ತಳ್ಳುತ್ತದೆ. ಆ ಬಿಗಿ ಇಳಿಸಲು ಆಕ್ಸಿಬ್ಯುಟಿನಿನ್ ಥರದ ಮಾತ್ರೆ, ಅದಕ್ಕೂ ಬಗ್ಗದಿದ್ದರೆ ಮೂತ್ರಕೋಶಕ್ಕೆ ಬೊಟಾಕ್ಸ್ ಇಂಜೆಕ್ಷನ್ ಕೊಡುತ್ತಾರೆ.

ಒಗ್ಗರಣಿಮಿರ್ಚಿ
ಬೊಟಾಕ್ಸ್ ಅಂದರೆ ಸಿನಿಮಾದವರು ಮುಖಕ್ಕೆ ಹಾಕಿಸಿಕೊಳ್ಳುವುದು ಅಲ್ವಾ?

ಫಿಸಿಯೊ_ಕೊಪ್ಪಳ
ಅದೇ. ಬಿಗಿದ ಸ್ನಾಯು ಸಡಿಲ ಮಾಡುವುದು ಅದರ ಕೆಲಸ, ಹಣೆಯಾದರೇನು ಮೂತ್ರಕೋಶವಾದರೇನು.

ಗಂಗಾವತಿ_ತಂಗಿ
ಎಲ್ಲರಿಗೂ ಕೈ ಮುಗಿಯುತ್ತೇನೆ. ಹೋಗಿ ಬಂದೆವು. ಪೈಪ್ ತೆಗೆದಾಗ ತುದಿ ತುಂಬಾ ಬಿಳಿ ಬಿಳಿ, ಉಗುರಿನಲ್ಲಿ ಕೆರೆದರೆ ಸುಣ್ಣ ಉದುರಿದ ಹಾಗೆ ಉದುರಿತು. ತೂತು ಮುಕ್ಕಾಲು ಮುಚ್ಚಿತ್ತು. ಹೊಸ ಪೈಪ್ ಹಾಕಿದ ಕೂಡಲೇ ಒಂದು ಬ್ಯಾಗಿನ ತುಂಬಾ ಮೂತ್ರ ಬಂತು, ಅಲ್ಲೇ ಕುರ್ಚಿಯಲ್ಲಿ ಕೂತವನ ಮುಖದ ಕೆಂಪು ಇಳಿಯಿತು. ಸ್ಕ್ಯಾನಿನಲ್ಲಿ ಮೂತ್ರಕೋಶದಲ್ಲಿ ಕಲ್ಲು, 3 ಸೆಂಟಿಮೀಟರ್. ಕಿಡ್ನಿ ಎರಡೂ ಚೆನ್ನಾಗಿವೆಯಂತೆ. ಕಲ್ಲು ಒಡೆದು ತೆಗೆಯಬೇಕು ಅಂದಿದ್ದಾರೆ.

ಒಂದು ಅನುಮಾನ. ಹೇಗೂ ಕೆಳಗೆ ನೋವು ಗೊತ್ತಾಗುವುದಿಲ್ಲ, ಅರಿವಳಿಕೆ ಬೇಕಾಗುವುದಿಲ್ಲ ಅಂತ ಅಲ್ಲಿ ಸಾಲಿನಲ್ಲಿ ಕೂತಿದ್ದ ಒಬ್ಬರು ಹೇಳಿದರು. ಹೌದಾ?

ನರ್ಸಮ್ಮ_ರಾಯಚೂರು
ಬೇಕೇ ಬೇಕು! ನೋವು ಅವನಿಗೆ ಗೊತ್ತಾಗದಿದ್ದರೂ ಮೈಗೆ ಗೊತ್ತಾಗುತ್ತದೆ. ಮೂತ್ರಕೋಶದಲ್ಲಿ ನೀರು ತುಂಬಿ ಕಲ್ಲು ಒಡೆಯುವಾಗ ಟೇಬಲ್ ಮೇಲೇ ಎಡಿ ಬರುತ್ತದೆ. ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿ: ಟಿ4, ಎಡಿ ಬಂದಿದೆ, ಮಾಮೂಲಿ ಬಿಪಿ 100/60. ಒಂದು ಚೀಟಿಯಲ್ಲಿ ಬರೆದು ಅಣ್ಣನ ಜೇಬಿನಲ್ಲಿ ಇಡಿ, ಎಲ್ಲಿಗೆ ಹೋದರೂ ಇರಲಿ.

ಆ ಬಿಳಿ ಪುಡಿ ಬಗ್ಗೆ: ಪ್ರೋಟಿಯಸ್ ಅಂತ ಒಂದು ಕೀಟಾಣು ಮೂತ್ರವನ್ನು ಕ್ಷಾರ ಮಾಡುತ್ತದೆ. ಆಗ ಅದರಲ್ಲಿನ ಲವಣ ಗಟ್ಟಿಯಾಗಿ ಪೈಪಿಗೆ ಅಂಟಿಕೊಳ್ಳುತ್ತದೆ, ಕಲ್ಲೂ ಬೆಳೆಯುತ್ತದೆ. ಕಟ್ಟಿಕೊಳ್ಳುವ ತನಕ ಕಾಯಬೇಡಿ. ಸುಮಾರು ನಾಲ್ಕು ವಾರಕ್ಕೆ ಬದಲಿಸಿ, ಬೇಗ ಕಟ್ಟುತ್ತಿದ್ದರೆ ಇನ್ನೂ ಮೊದಲೇ. ವರ್ಷಕ್ಕೊಮ್ಮೆ ಸ್ಕ್ಯಾನ್.

ಕುಷ್ಟಗಿ_ಕೆಂಪುಮಣ್ಣು
ನಾನು ಬಿಸಿಲು ಅಂದದ್ದು ಪೂರ್ತಿ ತಪ್ಪೇನಲ್ಲ ಬಿಡಿ. ಬಿಸಿಲಿಗೆ ನೀರು ಕಡಿಮೆಯಾಗಿ ಮೂತ್ರ ಗಟ್ಟಿ ಆಗಿರುತ್ತದೆ.

ಗಾಲಿಕುರ್ಚಿ_ಸಿರುಗುಪ್ಪ
ಅದು ಒಪ್ಪಿದೆ. ಬಿಸಿಲಿನದು ನಮಗೆ ಬೇರೆಯೇ ಕಾಟ. ಪೆಟ್ಟಿನ ಕೆಳಗೆ ಬೆವರು ಬರುವುದಿಲ್ಲ, ಮೈ ತಣ್ಣಗಾಗುವುದಿಲ್ಲ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದಾಗ ಜ್ವರ ಇಲ್ಲದೆಯೂ ಮೈ ಸುಡುತ್ತದೆ. ಮೂತ್ರಕೋಶಕ್ಕೆ ಕೊಡುವ ಆಕ್ಸಿಬ್ಯುಟಿನಿನ್ ಇದ್ದ ಬೆವರನ್ನೂ ಕಡಿಮೆ ಮಾಡುತ್ತದೆ. ನಾನು ಗಿಡಕ್ಕೆ ಹೊಡೆಯುವ ಸ್ಪ್ರೇ ಬಾಟಲಿ ಹೊಸದು ತಂದು ಬರೀ ನೀರು ತುಂಬಿ ಕುರ್ಚಿಗೆ ಕಟ್ಟಿಕೊಂಡಿದ್ದೇನೆ. ಕೈ, ಕುತ್ತಿಗೆ, ತೊಡೆಗೆ ಹೊಡೆದುಕೊಂಡು ಫ್ಯಾನ್ ಕೆಳಗೆ ಕೂತರೆ ಬೆವರಿನ ಕೆಲಸ ಅದೇ ಮಾಡುತ್ತದೆ.

ಇನ್ನೊಂದು, ಸುಟ್ಟ ಗಾಯ. ನಾಲ್ಕು ಚಕ್ರದ ಸ್ಕೂಟರಿನ ಸೈಲೆನ್ಸರಿಗೆ ಪಾದ ತಾಗಿ ಮಾಂಸ ಬೆಂದಿತ್ತು. ಮನೆಗೆ ಬಂದು ಚಪ್ಪಲಿ ಬಿಚ್ಚಿದಾಗ ವಾಸನೆಗೆ ಗೊತ್ತಾಯಿತು. ಬಿಸಿಲಲ್ಲಿ ಕಾದ ಕಲ್ಲುಬಂಡೆ ಕಟ್ಟೆ ಮೇಲೆ ಯಾರೂ ಕೂರಿಸಬೇಡಿ.

ಹಟ್ಟಿಹುಡುಗ
ಹುಣ್ಣಾಗದಿರಲಿ ಅಂತ ಹಾಕುವ ಗಾಳಿ ಹಾಸಿಗೆಗೆ ಕರೆಂಟ್ ಹೋದರೆ ಏನು ಮಾಡುತ್ತೀರಿ? ನಮ್ಮ ಮಾವನದು ಪಂಪ್ ನಿಂತರೆ ಸ್ವಲ್ಪ ಹೊತ್ತಿಗೆ ಚಪ್ಪಟೆ. ಕೆಳಗೆ ಮಂಚದ ಹಲಗೆಯೇ ತಾಗುತ್ತದೆ. ಸೊಂಟದ ಹಿಂದೆ ಕೆಂಪಾಗಿದೆ. ಕೂತಾಗ ಕೆಳಗೆ ಆಟೋ ಟೈರಿನ ಟ್ಯೂಬ್ ಹಾಕುತ್ತಿದ್ದೇವೆ.

ಫಿಸಿಯೊ_ಕೊಪ್ಪಳ
ಟ್ಯೂಬ್ ತೆಗೆದು ಬಿಸಾಕಿ. ನಡುವೆ ತೂತಿದ್ದರೆ ಸುತ್ತಲಿನ ಚರ್ಮಕ್ಕೆ ಒತ್ತಡ ಬಿದ್ದು ನಡುವಿನ ಜಾಗಕ್ಕೆ ರಕ್ತವೇ ಬರುವುದಿಲ್ಲ.

ಆ ಕೆಂಪು ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ಇನ್ನೂ ಬಚಾವ್. ಒತ್ತಿದರೂ ಕೆಂಪಾಗೇ ಇದ್ದರೆ ಹುಣ್ಣು ಶುರುವಾಗಿದೆ. ಆ ಜಾಗದ ಮೇಲೆ ಭಾರ ಪೂರ್ತಿ ಬಂದ್. ಕಪ್ಪು ಮೈಬಣ್ಣದವರಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ, ಮುಟ್ಟಿದರೆ ಬಿಸಿಯೋ ಗಟ್ಟಿಯೋ ನೋಡಬೇಕು. ಗಾಳಿ ಹಾಸಿಗೆ ಇದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ, 2 ಗಂಟೆಗೊಮ್ಮೆ. ಕರೆಂಟ್ ಹೋಗುವ ಊರಿಗೆ ದಪ್ಪ ಫೋಮ್ ಹಾಸಿಗೆ ಎಷ್ಟೋ ವಾಸಿ. ಕುರ್ಚಿಯಲ್ಲಿ ಕೂತಾಗ 15ರಿಂದ 30 ನಿಮಿಷಕ್ಕೆ ಒಮ್ಮೆ ಮುಂದೆ ಬಾಗಿ, ಪಕ್ಕಕ್ಕೆ ವಾಲಿ ಕುಂಡಿ ಮೇಲಿನ ಭಾರ ಇಳಿಸಬೇಕು.

ಗಾಯ ಬಾಯಿ ಬಿಟ್ಟರೆ ಅರಿಶಿನ, ಕಾಫಿಪುಡಿ, ಸುಣ್ಣ ಯಾವುದೂ ಬೇಡ. ಸಲೈನಿನಲ್ಲಿ ತೊಳೆದು ಡ್ರೆಸ್ಸಿಂಗ್. ಮೂಳೆ ಕಾಣುವಷ್ಟು ಆಳ ಹೋದರೆ ಪಕ್ಕದ ಮಾಂಸ ತಿರುಗಿಸಿ ಮುಚ್ಚುವ ಫ್ಲಾಪ್ ಆಪರೇಷನ್ ಬೇಕಾಗಬಹುದು. ಆಮೇಲೆ ವಾರಗಟ್ಟಲೆ ಮಲಗಬೇಕು, ಕೂರುವುದು ದಿನಕ್ಕೆ ನಿಮಿಷದ ಲೆಕ್ಕದಲ್ಲಿ ಶುರು. ಮೊಟ್ಟೆ, ಬೇಳೆ, ಶೇಂಗಾ ಚೆನ್ನಾಗಿ ತಿನ್ನಿಸಿ. ಪ್ರೋಟೀನ್ ಇಲ್ಲದೆ ಹುಣ್ಣು ಕೂಡುವುದಿಲ್ಲ.

ಒಗ್ಗರಣಿಮಿರ್ಚಿ
ಒಗ್ಗರಣಿ ಮಿರ್ಚಿ ನಡೆಯುತ್ತದಾ?

ನರ್ಸಮ್ಮ_ರಾಯಚೂರು
ಬೆಳಿಗ್ಗೆ ಮಲ ತೆಗೆಸುವವರು ನೀವಾದರೆ ನಡೆಯುತ್ತದೆ.

ಮಾನ್ವಿ_ಮೇಷ್ಟ್ರು
ಈ 2 ಗಂಟೆಯ ಲೆಕ್ಕಕ್ಕೂ ಒಂದು ಇತಿಹಾಸ ಇದೆ. ಎರಡನೇ ಮಹಾಯುದ್ಧದ ತನಕ ಬೆನ್ನುಹುರಿ ಮುರಿದವರಲ್ಲಿ ಬಹಳ ಜನ ಹುಣ್ಣು, ಮೂತ್ರದ ಸೋಂಕಿನಿಂದಲೇ ಸಾಯುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಹಗಲು ರಾತ್ರಿ 2 ಗಂಟೆಗೊಮ್ಮೆ ರೋಗಿಗಳ ಮಗ್ಗುಲು ಬದಲಿಸಲು ಶುರು ಮಾಡಿಸಿದರು. 1948ರಲ್ಲಿ ಅದೇ ಆಸ್ಪತ್ರೆ ಅಂಗಳದಲ್ಲಿ 16 ಜನ ಗಾಲಿಕುರ್ಚಿಯಲ್ಲಿ ಕೂತು ಬಿಲ್ಲು ಹಿಡಿದರು. ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ. ನಮ್ಮಲ್ಲಿ ವೆಲ್ಲೂರಿನ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಕಾಲು ಕಳೆದುಕೊಂಡ ಮೇಲೂ ಕುರ್ಚಿಯಲ್ಲೇ ಕೂತು ಆಪರೇಷನ್ ಮಾಡಿದವರು. 1966ರಲ್ಲಿ ಅಲ್ಲಿ ಪುನರ್ವಸತಿ ಕೇಂದ್ರ ಶುರುವಾದದ್ದು ಅವರಿಂದ.

ಸಂಡೂರು_ಲಾರಿ
ಕಾಲು ಕಳೆದುಕೊಂಡರು ಅನ್ನಬೇಡಿ ಮೇಷ್ಟ್ರೇ, ಕಾಲಿನ ಸ್ವಾಧೀನ ಹೋಯಿತು. ಕಾಲು ಇಲ್ಲೇ ಇರುತ್ತವೆ, ನೋಡಿಕೊಳ್ಳುವ ಕೆಲಸವೂ ಇರುತ್ತದೆ.

ಹಟ್ಟಿಹುಡುಗ
ಮಾಲೀಸಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಮಾವನಿಗೆ ಒಬ್ಬರು ಬಂದು ಎಣ್ಣೆ ಹಚ್ಚಿ, ಮೊಣಕಾಲು ಸೆಟೆದಿದೆ ಅಂತ ಜೋರಾಗಿ ಮಡಿಸಿದರು. ಟಕ್ ಅಂತು. ಮಾವನಿಗೆ ಏನೂ ಗೊತ್ತಾಗಲಿಲ್ಲ, ಮಾತಾಡಿಕೊಂಡೇ ಇದ್ದರು. ಸಂಜೆಗೆ ತೊಡೆ ಊದಿತು. ಎಕ್ಸ್‌ರೇಯಲ್ಲಿ ಮೊಣಕಾಲಿನ ಮೇಲೆ ಮೂಳೆ ಮುರಿದಿತ್ತು.

ಫಿಸಿಯೊ_ಕೊಪ್ಪಳ
ಭಾರ ಹೊರದ ಕಾಲಿನ ಮೂಳೆ ಒಂದೆರಡು ವರ್ಷದಲ್ಲೇ ಟೊಳ್ಳಾಗುತ್ತದೆ. ಅದರಲ್ಲೂ ಮೊಣಕಾಲಿನ ಸುತ್ತ. ಮಂಚದಿಂದ ಕುರ್ಚಿಗೆ ಇಳಿಯುವಾಗ ಪಾದ ಸಿಕ್ಕಿ ತಿರುಚಿದರೂ ಮುರಿಯುತ್ತದೆ. ಇನ್ನು ಕೆಲವರಿಗೆ ಸೊಂಟದ ಕೀಲಿನ ಸುತ್ತ ಮಾಂಸದಲ್ಲೇ ಮೂಳೆ ಬೆಳೆಯುತ್ತದೆ, ಆಗಲೂ ಕೀಲು ಸೆಟೆಯುತ್ತದೆ. ಒಂದೇ ಕಾಲು ಊದಿ ಬಿಸಿಯಾದರೆ ಮುರಿತವೋ, ರಕ್ತ ಹೆಪ್ಪುಗಟ್ಟಿದೆಯೋ, ಆ ಮೂಳೆಯೋ, ಸೋಂಕೋ ಅಂತ ನೋಡುವ ತನಕ ತಿಕ್ಕಬೇಡಿ. ಕೀಲುಗಳನ್ನು ದಿನಾ ಮೆಲ್ಲಗೆ ಆಡಿಸಿ, ಅಷ್ಟೇ.

ಕುಷ್ಟಗಿ_ಕೆಂಪುಮಣ್ಣು
ಸ್ಟೆಮ್ ಸೆಲ್ ಮಾಡಿಸಿದರೆ ನಡೆಯಬಹುದು ಅಂತ ವಿಡಿಯೊ ನೋಡಿದೆ. ಹೊಲ ಮಾರಿಯಾದರೂ ಮಾಡಿಸಬಹುದಲ್ಲ?

ಗಾಲಿಕುರ್ಚಿ_ಸಿರುಗುಪ್ಪ
ಹೊಲ ಹೋಗುತ್ತದೆ, ಕಾಲು ಬರುವುದಿಲ್ಲ. ಐಸಿಎಂಆರ್, ಅಂದರೆ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲೇ ಇದೆ: ರಕ್ತದ ಕಾಯಿಲೆಗಳಿಗೆ ಮಾಡುವ ಕಸಿ ಬಿಟ್ಟರೆ ಬೇರೆ ಯಾವುದಕ್ಕೂ ಸ್ಟೆಮ್ ಸೆಲ್ ಒಪ್ಪಿತ ಚಿಕಿತ್ಸೆ ಅಲ್ಲ, ಸಂಶೋಧನೆಯಾಗಿ ಮಾತ್ರ ಮಾಡಬಹುದು. ಸಂಶೋಧನೆಗೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ. ದುಡ್ಡು ಕೇಳಿದರೆ ಎದ್ದು ಬನ್ನಿ.

ಕುಷ್ಟಗಿ_ಕೆಂಪುಮಣ್ಣು
ಆಸೆ ಇಟ್ಟುಕೊಳ್ಳುವುದೂ ತಪ್ಪಾ?

ಗಾಲಿಕುರ್ಚಿ_ಸಿರುಗುಪ್ಪ
ಇಟ್ಟುಕೋ. ಹೊಲ ಮಾತ್ರ ಮಾರಬೇಡ. ಆ ದುಡ್ಡಿನ ಒಂದು ತುಣುಕಿನಲ್ಲಿ ಒಳ್ಳೇ ಗಾಳಿ ಕುಶನ್ ಬರುತ್ತದೆ, ಬಾತ್‌ರೂಮಿಗೆ ಇಳಿಜಾರು ಆಗುತ್ತದೆ.

ಸಂಡೂರು_ಲಾರಿ
ನಂದೂ ಒಂದು ಕೇಳಿಬಿಡುತ್ತೇನೆ. ಪೆಟ್ಟಾಗಿ ಬಹಳ ವರ್ಷ ಆಯಿತು. ಭುಜ ನೋವು ಮೊದಲಿಂದಲೂ ಇದೆ, ಕುರ್ಚಿ ತಳ್ಳಿ ತಳ್ಳಿ ಅಂತ ಸುಮ್ಮನಿದ್ದೆ. ಈಗ ಎಡಗೈಯಲ್ಲಿ ಬಿಸಿ ತಣ್ಣಗೆ ಸರಿಯಾಗಿ ಗೊತ್ತಾಗುತ್ತಿಲ್ಲ. ಚಹಾ ಲೋಟ ಹಿಡಿದರೆ ಬಿಸಿ ಹತ್ತುವುದಿಲ್ಲ. ಕೆಮ್ಮಿದರೆ ಕುತ್ತಿಗೆಯಿಂದ ಕೈಗೆ ನೋವು ಇಳಿಯುತ್ತದೆ. ಇದೂ ಕುರ್ಚಿ ತಳ್ಳಿದ್ದಕ್ಕಾ?

ಫಿಸಿಯೊ_ಕೊಪ್ಪಳ
ಮಣಿಕಟ್ಟಿನಲ್ಲಿ ನರ ಒತ್ತಿಕೊಂಡರೂ ಕೈ ಜೋಮು ಹಿಡಿಯುತ್ತದೆ, ಕುರ್ಚಿ ತಳ್ಳುವವರಲ್ಲಿ ಅದು ಮಾಮೂಲಿ. ಆದರೆ ಬಿಸಿ ಗೊತ್ತಾಗದಿರುವುದು, ಕೆಮ್ಮಿದರೆ ನೋವು, ಇವೆರಡೂ ಸೇರಿದರೆ ಸಿರಿಂಗೊಮೈಲಿಯಾ ಇದೆಯಾ ಅಂತ ನೋಡಲೇಬೇಕು. ಹಳೇ ಪೆಟ್ಟಿನ ಜಾಗದಲ್ಲಿ ಹುರಿಯೊಳಗೆ ನೀರು ತುಂಬಿದ ಪೊಳ್ಳು ಆಗಿ ಮೇಲಕ್ಕೆ ಬೆಳೆಯುತ್ತದೆ. ಪೆಟ್ಟಾದ ಕೆಲವೇ ತಿಂಗಳಿಗೂ ಬರಬಹುದು, ದಶಕ ಕಳೆದ ಮೇಲೂ ಬರಬಹುದು. ಎಂಆರ್‌ಐ ಬಿಟ್ಟು ಬೇರೆ ದಾರಿ ಇಲ್ಲ. ಪೊಳ್ಳು ಬೆಳೆಯುತ್ತಿದ್ದರೆ ಅಂಟಿಕೊಂಡ ಹುರಿ ಬಿಡಿಸುತ್ತಾರೆ, ಇಲ್ಲ ಶಂಟ್ ಅಂತ ಸಣ್ಣ ಕೊಳವೆ ಹಾಕಿ ನೀರು ಹರಿಸುತ್ತಾರೆ. ಹೋದ ಬಲ ವಾಪಸ್ ಬರುವುದು ಕಷ್ಟ, ಇದ್ದದ್ದನ್ನು ಉಳಿಸಿಕೊಳ್ಳಲು ಮಾಡುವುದು. ಕೈಯೇ ನಿಮಗೆ ಕಾಲು, ತಡ ಮಾಡಬೇಡಿ.

ಸಂಡೂರು_ಲಾರಿ
ಬೆನ್ನಲ್ಲಿ ಆಪರೇಷನ್ನಿನಲ್ಲಿ ಹಾಕಿದ ಲೋಹದ ರಾಡ್ ಇದೆಯಲ್ಲ, ಎಂಆರ್‌ಐ ಮಾಡುತ್ತಾರಾ?

ನರ್ಸಮ್ಮ_ರಾಯಚೂರು
ಟೈಟೇನಿಯಂ ಆದರೆ ಸಾಮಾನ್ಯವಾಗಿ ತೊಂದರೆ ಇಲ್ಲ, ರಾಡ್ ಇರುವ ಕಡೆ ಚಿತ್ರ ಸ್ವಲ್ಪ ಮಸುಕಾಗುತ್ತದೆ. ಆಪರೇಷನ್ ಆದ ಡಿಸ್ಚಾರ್ಜ್ ಪೇಪರ್ ತೆಗೆದುಕೊಂಡು ಹೋಗಿ, ಅದರಲ್ಲಿ ಬರೆದಿರುತ್ತಾರೆ. ಬೆಂಗಳೂರಿಗೆ ಹೋಗುವುದಾದರೆ ನಿಮ್ಹಾನ್ಸ್‌ನಲ್ಲಿ ನರಶಸ್ತ್ರಚಿಕಿತ್ಸೆ, ಪುನರ್ವಸತಿ ಎರಡೂ ವಿಭಾಗ ಒಂದೇ ಕಡೆ ಇವೆ.

ಗಾಲಿಕುರ್ಚಿ_ಸಿರುಗುಪ್ಪ
ಎಂಆರ್‌ಐ ರೂಮಿನೊಳಗೆ ನಿಮ್ಮ ಕುರ್ಚಿ ಬಿಡುವುದಿಲ್ಲ, ಆಯಸ್ಕಾಂತಕ್ಕೆ ಎಳೆದುಕೊಳ್ಳುತ್ತದೆ. ಎತ್ತಿ ಮಲಗಿಸಲು ಗಟ್ಟಿ ಹುಡುಗರು ಇಬ್ಬರು ಜೊತೆಗಿರಲಿ. ಹೋಗುವ ಮುಂಚೆ ಟ್ಯೂಬ್ ಹಾಕಿ ಮೂತ್ರ ಖಾಲಿ ಮಾಡಿಕೊಳ್ಳಿ. ಟೇಬಲ್ ಗಟ್ಟಿ ಇರುತ್ತದೆ, ಸೊಂಟದ ಕೆಳಗೆ ಏನಾದರೂ ಮೆತ್ತಗಿನದು ಹಾಕಿ ಅಂತ ಕೇಳಿ, ಹಾಕುತ್ತಾರೆ.

ಸಂಡೂರು_ಲಾರಿ
ಡಿಸ್ಚಾರ್ಜ್ ಪೇಪರ್ ಟ್ರಂಕಿನಲ್ಲಿ ಇದೆಯಂತೆ, ಮನೆಯವಳು ತೆಗೆಯುತ್ತಿದ್ದಾಳೆ. ಹುಡುಗರು ಗ್ಯಾರೇಜಿನವರೇ ಬರುತ್ತಾರೆ. ಗುರುವಾರ ಬಳ್ಳಾರಿಗೆ ಹೊರಡುತ್ತೇನೆ.